ಕುರಿ ಒಪ್ಪದ ಎಣ್ಣೆ

“ಅಂಗೈ ಊರಿ ನಿಲ್ಲಮ್ಮ, ಮೊಣಕೈ ಬಗ್ಗಿಸಬೇಡ” ಎಂದೆ. ಆಕೆ ಬಲಗೈಯನ್ನು ಮೇಜಿನ ಮೇಲೆ ಊರಿದಳು. ಬೆರಳು ತಾಗಿದವು, ಅಂಗೈಯ ನಡುಭಾಗವೂ ತಾಗಿತು, ಬುಡ ಮಾತ್ರ ಮೇಲೆಯೇ ನಿಂತಿತು. ಆ ಸಂದಿಯಲ್ಲಿ ನಾನು ನಾಲಿಗೆ ಒತ್ತಿ ನೋಡುವ ಮರದ ಕಡ್ಡಿಗಳನ್ನು ಒಂದರ ಮೇಲೊಂದು ತೂರಿಸುತ್ತ ಹೋದೆ. ಒಂದು ಹೋಯಿತು, ಎರಡು ಹೋದವು, ಮತ್ತೂ ಹೋದವು. ಹೋದಷ್ಟೂ ಕೈ ಕೆಟ್ಟಿದೆ ಎಂದರ್ಥ. ಮುಖದಲ್ಲಿ ತೋರಿಸಬಾರದೆಂದು ಕಡ್ಡಿಗಳನ್ನು ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಆದೋನಿಯ ಪೇಟೆಯಲ್ಲಿ ಒಂದು ಚರ್ಮದ ಆಸ್ಪತ್ರೆ. ಕೆಳಗೆ ಹತ್ತಿ ವ್ಯಾಪಾರದ ಅಂಗಡಿ, ಮೇಲೆ ನಾವು. ಡಾಕ್ಟರಮ್ಮ ಚರ್ಮ ನೋಡುತ್ತಾರೆ. ಸುಟ್ಟು ಗಾಯವಾಗಿ, ವಾಸಿಯಾಗಿ, ಆಮೇಲೆ ಬಿಗಿದುಕೊಂಡ ಕೈಕಾಲುಗಳನ್ನು ಬಿಡಿಸುವ ಕೆಲಸ ನನ್ನದು. ಓದಿದ್ದು ಫಿಸಿಯೋಥೆರಪಿ. ಆದರೆ ದಿನವಿಡೀ ಕಲೆಗಳನ್ನು ತಿಕ್ಕುವುದೇ ಕೆಲಸವಾದ್ದರಿಂದ ಪೇಶೆಂಟುಗಳ ಬಾಯಲ್ಲಿ ನಾನು ‘ತಿಕ್ಕೋ ಮೇಡಂ’.

ಈಕೆ ಪತ್ತಿಕೊಂಡದ ಕಡೆಯ ಒಂದು ಹಳ್ಳಿಯವಳು, ಕುರಿ ಸಾಕುವ ಮನೆಯ ಸೊಸೆ. ಒಲೆಯಿಂದ ಸಂಗಟಿಯ, ಅಂದರೆ ಕುದಿಯುವ ಮುದ್ದೆಹಿಟ್ಟಿನ, ಪಾತ್ರೆ ಇಳಿಸುವಾಗ ಅದು ವಾಲಿ ಬಲಗೈ ಮೇಲೆ ಬಿದ್ದಿತ್ತು. ಕುದಿಯುವ ನೀರಾದರೆ ಜಾರಿ ಹೋಗುತ್ತದೆ. ಸಂಗಟಿ ಹಿಡಿದುಕೊಂಡು ಕೂರುತ್ತದೆ, ಕೂತಲ್ಲೇ ಒಳಗೊಳಗೆ ಸುಡುತ್ತದೆ. ಗಾಯವೇನೋ ಕರ್ನೂಲಿನಲ್ಲಿ ವಾಸಿಯಾಗಿತ್ತು. ಆಮೇಲೆ ಕಲೆ ಎದ್ದಿತು. ಮುಂಗೈಯ ಒಳಭಾಗದ ನಡುವಿನಿಂದ ಹೊರಟು, ಮಣಿಕಟ್ಟು ದಾಟಿ, ಅಂಗೈಯ ಬುಡದ ತನಕ ಕೆಂಪಗೆ, ಹೊಳೆಯುತ್ತ, ಹುರಿಮಾಡಿದ ಹಗ್ಗದಷ್ಟು ದಪ್ಪಗೆ ಎದ್ದುಕೊಂಡಿತ್ತು. ರಾತ್ರಿ ತುರಿಕೆ, ಹಗಲು ಉರಿ. ಇಂಥ ಕಲೆ ಹಲವು ತಿಂಗಳು ಬೆಳೆಯುತ್ತದೆ, ಬೆಳೆಯುವಾಗ ಎಳೆಯುತ್ತದೆ. ಎಳೆದದ್ದನ್ನು ಆಗಲೇ ತಡೆಯಬೇಕು. ಬಿಟ್ಟರೆ ಮಣಿಕಟ್ಟು ಒಳಕ್ಕೆ ಮಡಚಿಕೊಂಡು ಹಾಗೆಯೇ ಉಳಿಯುತ್ತದೆ. ಮತ್ತೆ ಕತ್ತರಿಸಿ ಬಿಡಿಸಿ ತೊಡೆಯ ಚರ್ಮ ತಂದು ಹಚ್ಚಬೇಕು.

ಇದನ್ನೆಲ್ಲ ನಾನು ಆಕೆಗೆ ಮೆಲ್ಲಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು ಆಕೆ ಕೇಳಿದ್ದು ಒಂದೇ ಮಾತು.

“ರೊಟ್ಟಿ ಬಡಿಯಾಕ ಬರ್ತೈತೇನ್ರಿ ಮೇಡಂ?”

“ಯಾಕೆ, ಮನೆಯಲ್ಲಿ ಬೇರೆ ಯಾರೂ ಇಲ್ಲವೇ?”

“ಅತ್ತಿ ಅದಾಳ್ರಿ. ವಯಸ್ಸಾಗೈತಿ. ಆಕಿ ಬಡೀತಾಳ, ನಾ ಕುಂತು ತಿಂತೀನಿ. ಗಂಟಲಾಗ ಇಳಿಯಂಗಿಲ್ರಿ.” ಹೇಳುತ್ತ ಹೇಳುತ್ತ ಎಡಗೈಯಿಂದ ಸೆರಗು ಎಳೆದು ಬಲಗೈ ಮುಚ್ಚಿಕೊಂಡಳು.

“ಬರುತ್ತದೆ” ಎಂದುಬಿಟ್ಟೆ. ನಾನು ಮೊದಲೇ ಹೆದರುಪುಕ್ಕಲಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಹೊರಟ ಬಸ್ಸಿನಿಂದ ಇಳಿದು ಮನೆಗೆ ಓಡಿದವಳು. ಅಂಥವಳು ಗ್ಯಾರಂಟಿ ಕೊಟ್ಟಂತೆ ಮಾತಾಡಿದ್ದೆ.

ಮೊದಲು ಮಾಡಿದ್ದೆಲ್ಲ ಪುಸ್ತಕದಲ್ಲಿ ಇರುವುದನ್ನೇ. ಡಾಕ್ಟರಮ್ಮ ಕಲೆಯೊಳಗೆ ಸ್ಟೀರಾಯ್ಡ್ ಸೂಜಿ ಚುಚ್ಚಿದರು. ಗಟ್ಟಿ ಕಲೆಯಲ್ಲಿ ಔಷಧಿ ಇಳಿಯುವುದಿಲ್ಲ, ಒತ್ತಿ ಇಳಿಸಬೇಕು, ಆ ನೋವು ನೋಡುವವರಿಗೇ ಬೇಡ. ಆಕೆ ಹಲ್ಲು ಕಚ್ಚಿ ಕೂತಳು, ಎದ್ದು ನಿಂತವಳು ಗೋಡೆ ಹಿಡಿದು ಜಾರಿದಳು. ನೀರು ಚಿಮುಕಿಸಿ ಎಬ್ಬಿಸಿದ ಮೇಲೆ, “ಇದೊಂದು ಬ್ಯಾಡ್ರಿ, ಏನು ಬೇಕಾದ್ರೂ ಮಾಡ್ರಿ” ಎಂದಳು. ಸಿಲಿಕೋನ್ ಹಾಳೆ ಅಂಟಿಸಿದೆವು. ಆದೋನಿಯ ಸೆಕೆಗೆ ಅದರ ಕೆಳಗೆ ಬೆವರು ನಿಂತು ಬೆವರುಗುಳ್ಳೆ ಎದ್ದವು. ಉಳಿದದ್ದು ಎರಡು: ಮಾಲೀಸು ಮತ್ತು ಕೈ ನೇರ ಹಿಡಿಯುವ ಪಟ್ಟಿ.

ಪಟ್ಟಿಯನ್ನು ನಾನೇ ಮಾಡುತ್ತೇನೆ. ಅದಕ್ಕೆಂದೇ ಬರುವ ಪ್ಲಾಸ್ಟಿಕ್ ಹಾಳೆ ನಮ್ಮ ಕೈಗೆಟುಕುವುದಿಲ್ಲ. ಅಗಲದ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಕಾಯಿಸಿ ಮೆತ್ತಗೆ ಮಾಡಿ, ನನ್ನ ಕೈ ಮೇಲೇ ಮೊದಲು ಬಗ್ಗಿಸಿ ನೋಡಿ, ಅಂಚು ಉಜ್ಜಿ, ಒಳಗೆ ಮೆತ್ತನೆ ಹತ್ತಿಬಟ್ಟೆ ಹಾಸಿ, ಬೆಲ್ಟು ಹೊಲಿಯುತ್ತೇನೆ. ಅಂಗೈ ಹಿಂದಕ್ಕೆ ಬಾಗಿ ನಿಲ್ಲುವಂತೆ ಅದನ್ನು ಕಟ್ಟಿಕೊಂಡು ಮಲಗಬೇಕು. ಕಲೆ ಸ್ವಲ್ಪ ಸಡಿಲಾದಂತೆ ಪಟ್ಟಿಯನ್ನೂ ಮತ್ತಷ್ಟು ಹಿಂದಕ್ಕೆ ಬಗ್ಗಿಸುತ್ತ ಹೋಗಬೇಕು. ಅದನ್ನು ಕಟ್ಟಿಕೊಂಡು ಮನೆಗೆ ಹೋದ ಸೊಸೆಯನ್ನು ನೋಡಿ ಅತ್ತೆ, “ಏನವ್ವ, ಡಾಕ್ಟರು ಕೈಗೆ ಮೋರಿ ಪೈಪು ಕಟ್ಟಿ ಕಳಿಸ್ಯಾರ” ಎಂದಳಂತೆ. ಆಕೆ ಅದನ್ನು ಹೇಳಿ ನಕ್ಕಾಗಲೇ ನನಗೆ ಆಕೆಯ ನಗು ಗೊತ್ತಾದದ್ದು.

ಎಣ್ಣೆಯ ಮಾತು ತೆಗೆದವರು ಡಾಕ್ಟರಮ್ಮ. ಕೆಲವು ಗಿಡಮೂಲಿಕೆಗಳ ಸುಗಂಧ ಎಣ್ಣೆಗಳು ಕಲೆ ಕಟ್ಟುವ ಜೀವಕೋಶಗಳ ಓಟವನ್ನು ನಿಧಾನ ಮಾಡುತ್ತವೆಂದು ಅವರು ಓದುತ್ತ ಬಂದಿದ್ದರು. “ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಆದದ್ದು ಮೈಮೇಲೆ ಆಗಬೇಕೆಂದೇನಿಲ್ಲ. ಮನುಷ್ಯರ ಮೇಲೆ ಗಟ್ಟಿ ಪುರಾವೆ ಇನ್ನೂ ಇಲ್ಲ. ಆದರೆ ಹೇಗೂ ನೀನು ಎಣ್ಣೆ ಹಚ್ಚಿ ತಿಕ್ಕುತ್ತೀಯಲ್ಲ, ಆ ಎಣ್ಣೆಯಲ್ಲೇ ಇದನ್ನು ಬೆರೆಸಿ ನೋಡಿದರೆ?” ಎಂದರು. ಇದೆಲ್ಲವನ್ನೂ, ಗೊತ್ತಿಲ್ಲದ್ದು ಗೊತ್ತಿಲ್ಲವೆಂದೇ, ಆಕೆಗೂ ಹೇಳಿದೆವು. ಸೂಜಿ ಇಲ್ಲವೆಂದು ಖಾತ್ರಿಯಾದ ಮೇಲೆ ಆಕೆ ಹೂಂ ಅಂದಳು.

ವಾಸನೆ ಕಡಿಮೆಯೆಂದು ಕುಸುಬಿ ಎಣ್ಣೆಯನ್ನೇ ಆಧಾರಕ್ಕೆ ತೆಗೆದುಕೊಂಡೆವು. ಅದರಲ್ಲಿ ಲ್ಯಾವೆಂಡರ್, ಧೂಪಕ್ಕೆ ಹಾಕುವ ಲೋಬಾನ, ನಿಂಬೆಹುಲ್ಲು, ಮೂರರದೂ ಕೆಲವೇ ಹನಿ. ಸುಗಂಧ ಎಣ್ಣೆಯನ್ನು ನೇರ ಹಚ್ಚಿದರೆ ಚರ್ಮ ಸುಟ್ಟಂತಾಗುತ್ತದೆ. ನಿಂಬೆಹುಲ್ಲಂತೂ ಬಲು ಖಾರ. ಮೊದಲು ನನ್ನ ತೋಳಿಗೇ ಹಚ್ಚಿಕೊಂಡು ನೋಡಿದೆ. ಆಮೇಲೆ ಆಕೆಯ ಎಡ ಮುಂಗೈಯಲ್ಲಿ ಬೊಟ್ಟಿನಷ್ಟು ಹಚ್ಚಿ ಬ್ಯಾಂಡೇಜು ಹಾಕಿ ಕಳಿಸಿದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆಯಿಲ್ಲ. ಒಂದು ಕೈ ಸರಿಮಾಡಲು ಹೋಗಿ ಎರಡನ್ನೂ ಕೆಡಿಸಿದೆನೆಂದು ಕನಸು. ಬ್ಯಾಂಡೇಜು ಬಿಚ್ಚಿದಾಗ ಚರ್ಮ ತಣ್ಣಗಿತ್ತು. ಕೆಂಪಿಲ್ಲ, ತುರಿಕೆಯಿಲ್ಲ.

ಡಾಕ್ಟರಮ್ಮನದು ಇನ್ನೊಂದು ಷರತ್ತು: ಕಲೆಯನ್ನು ಎರಡು ಪಾಲು ಮಾಡುವುದು. ಮೇಲಿನ ಪಾಲಿಗೆ, ಅಂದರೆ ಮುಂಗೈಗೆ, ಸುಗಂಧದ ಎಣ್ಣೆ. ಕೆಳಗಿನ ಪಾಲಿಗೆ, ಮಣಿಕಟ್ಟು ಮತ್ತು ಅಂಗೈ ಬುಡಕ್ಕೆ, ಬರೀ ಕುಸುಬಿ ಎಣ್ಣೆ. ಎರಡನ್ನೂ ಒಂದೇ ಸಮ ತಿಕ್ಕಬೇಕು. ಹಾಗಾದರೆ ಕೆಲಸ ಮಾಡಿದ್ದು ಸುಗಂಧವೋ ಬರೀ ತಿಕ್ಕಾಟವೋ ಗೊತ್ತಾಗುತ್ತದೆ. “ಅಡುಗೆ ಮಾಡುವ ಕೈ, ಊಟ ಮಾಡುವ ಕೈ. ಅಂಗೈಗೆ ಸುಗಂಧ ಬೇಡ” ಎಂದರು. ನಮಗಿಬ್ಬರಿಗೂ ಅದು ಬಲು ಜಾಣತನದ ಮಾತೆಂದು ಕಂಡಿತು. ಸುಗಂಧದ ಬಾಟಲಿಯ ಕೊರಳಿಗೆ ಕೆಂಪು ದಾರ, ಸಪ್ಪೆಯದಕ್ಕೆ ಬಿಳಿ ದಾರ ಕಟ್ಟಿದೆ.

ಮನೆಯಲ್ಲಿ ತಾನೇ ಹಚ್ಚಿಕೊಳ್ಳಲೆಂದು ಎರಡನ್ನೂ ಆಕೆಗೆ ಕೊಟ್ಟು, ಮಾಲೀಸನ್ನೂ ಕಲಿಸಿಕೊಟ್ಟೆ. ಹೆಬ್ಬೆರಳಿನಿಂದ ಕಲೆಯನ್ನು ಒತ್ತಿದಾಗ ಕೆಂಪು ಹೋಗಿ ಬಿಳುಚಿಕೊಳ್ಳಬೇಕು, ಅಷ್ಟು ಭಾರ. ಚರ್ಮದ ಮೇಲೆ ಬೆರಳು ಜಾರಬಾರದು, ಬೆರಳಿನ ಜೊತೆ ಕಲೆಯೇ ಸರಿಯಬೇಕು. ಸುತ್ತು ಹಾಕಬೇಕು, ಉದ್ದಕ್ಕೆ ಎಳೆಯಬೇಕು, ಅಡ್ಡಕ್ಕೆ ಎತ್ತಬೇಕು. ಆಕೆ ಬೇಗ ಹಿಡಿದುಕೊಂಡಳು. ನಮ್ಮ ಕೋಣೆಯಲ್ಲಿ ಮಾತ್ರ ಒಂದು ತಾಪತ್ರಯ: ಕೆಳಗಿನ ಅಂಗಡಿಯಿಂದ ಹತ್ತಿಯ ಎಳೆ ಹಾರಿ ಬಂದು ಎಣ್ಣೆಗೈಗೆ ಮೆತ್ತಿಕೊಳ್ಳುತ್ತಿತ್ತು. ತಿಕ್ಕುವುದು, ಎಳೆ ಆರಿಸುವುದು, ಮತ್ತೆ ತಿಕ್ಕುವುದು.

ಕೆಲವು ವಾರಗಳಲ್ಲಿ ಮೇಲಿನ ಪಾಲು ಮೆತ್ತಗಾಯಿತು. ನನ್ನ ಬೆರಳಿಗೆ ಅದು ಸ್ಪಷ್ಟ. ಹಿಡಿದೆತ್ತಿದರೆ ಮಡಿಕೆ ಬರುತ್ತಿತ್ತು, ಕೆಂಪು ಇಳಿದಿತ್ತು, ತುರಿಕೆ ಇಲ್ಲವೆಂದು ಆಕೆಯೇ ಹೇಳಿದಳು. ಕೆಳಗಿನ ಪಾಲೂ ಸಡಿಲಾಗುತ್ತಿತ್ತು, ಆದರೆ ನಿಧಾನ. ಮೇಜಿನ ಕಡ್ಡಿಗಳು ಒಂದೊಂದಾಗಿ ಕಡಿಮೆಯಾದವು. ಡಾಕ್ಟರಮ್ಮ ಫೋಟೊ ತೆಗೆದು ಹಿಗ್ಗಿದರು. ನಾನೂ ಹಿಗ್ಗಿದೆ, ಸುಳ್ಳೇಕೆ? ‘ಮಣಿಕಟ್ಟಿಗೂ ಕೆಂಪು ದಾರದ್ದನ್ನೇ ಹಚ್ಚಿದರೆ ಬೇಗ ಆಗುತ್ತದಲ್ಲ’ ಎಂಬ ಆಸೆಯನ್ನು ನುಂಗಿಕೊಳ್ಳುವುದು ಕಷ್ಟವಾಗುತ್ತಿತ್ತು.

ಆಮೇಲೆ ಆಕೆ ಬರುವುದನ್ನು ನಿಲ್ಲಿಸಿದಳು.

ಒಂದು ಸಲ ತಪ್ಪಿದರೆ ಬಸ್ಸು ಸಿಕ್ಕಿಲ್ಲ ಅನ್ನಬಹುದು. ಎರಡನೆಯ ಸಲವೂ ತಪ್ಪಿತು. ಫೋನು ಗಂಡನದು, ಆತ ಕುರಿಗಳ ಹಿಂದೆ ಎಲ್ಲಿರುತ್ತಾನೋ, ‘ಸಿಗ್ನಲ್ ಲೇದು’, ಸಿಗ್ನಲ್ಲೇ ಇಲ್ಲ. ಒಮ್ಮೆ ಸಿಕ್ಕಿದಾಗ, “ಆಕಿಗೆ ಹೇಳ್ತೀನ್ರೀ ಮೇಡಂ, ಕುರಿ ಈಯೋ ಟೈಮು, ಪುರಸತ್ತಿಲ್ರಿ” ಎಂದು ಇಟ್ಟುಬಿಟ್ಟ. ನನ್ನ ತಲೆಯಲ್ಲಿ ಒಂದೊಂದೇ ಹುಳ. ಎಣ್ಣೆಗೆ ಚರ್ಮ ಕೆಂಡದಂತಾಗಿರಬಹುದು. ತಡವಾಗಿ ಬರುವ ಅಲರ್ಜಿಯೂ ಉಂಟು. ತಿಂಗಳು ಸುಮ್ಮನಿದ್ದ ಚರ್ಮ ಒಂದು ದಿನ ಇದ್ದಕ್ಕಿದ್ದಂತೆ ಏಳುತ್ತದೆ. ಹಚ್ಚಿ ಬಿಸಿಲಿಗೆ ಹೋಗಿ ಸುಟ್ಟಿರಬಹುದು. ಕೀವಾಗಿರಬಹುದು, ಯಾರೋ ಅದರ ಮೇಲೆ ಸೊಪ್ಪು ಕಟ್ಟಿರಬಹುದು. ಕೊನೆಗೆ ಆ ವಾರದ ರಜೆಯ ದಿನ ಪತ್ತಿಕೊಂಡದ ಬಸ್ಸು ಹತ್ತಿದೆ. ಈ ಸಲ ಗ್ಯಾಸಿನ ನೆನಪೇ ಬರಲಿಲ್ಲ.

ಪತ್ತಿಕೊಂಡದಿಂದ ಆಟೋ ಹಿಡಿದು ಹಳ್ಳಿಗೆ ಹೋದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮನೆ ಕೇಳಿಕೊಂಡು ಹೋದೆ. ಬಾಗಿಲಲ್ಲಿಯೇ ರೊಟ್ಟಿ ಬಡಿಯುವ ಸದ್ದು. ಒಲೆಯ ಮುಂದೆ ಅತ್ತೆ, ತೋಳಿನ ನರ ಎದ್ದು, ಉಸಿರು ಬಿಡುತ್ತ ಬಡಿಯುತ್ತಿದ್ದಳು. ಪಕ್ಕದಲ್ಲಿ ಸೊಸೆ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಿಂದ ಒಲೆಗೆ ಹತ್ತಿಗಿಡದ ಒಣಕಡ್ಡಿ ತುರುಕುತ್ತಿದ್ದಳು. ನನ್ನನ್ನು ನೋಡಿದ್ದೇ ಎದ್ದು ನಿಂತಳು. ಕೈಗೆ ಪಟ್ಟಿ ಇರಲಿಲ್ಲ.

ಅತ್ತೆ ಹಿಟ್ಟುಗೈಯಲ್ಲೇ ತಿರುಗಿದಳು. “ಬಂದಾಳ ನೋಡು ತಿಕ್ಕೋ ಮೇಡಂ! ಬಾರವ್ವ ಬಾ. ನಿನ್ನ ಸೆಂಟಿನ ಎಣ್ಣಿ ಮಾಡಿದ್ದು ನೋಡಾಕ ಬಂದೀಯೇನು?”

“ಏನಾಯಿತು? ಕೈ ತೋರಿಸು, ಕೈ!” ಎಂದು ಸೊಸೆಯ ತೋಳು ಹಿಡಿದೆ. ಚರ್ಮ ಚೆನ್ನಾಗಿತ್ತು. ಗುಳ್ಳೆಯಿಲ್ಲ, ಕೀವಿಲ್ಲ. ನಿಟ್ಟುಸಿರು ಬಿಡುವಷ್ಟರಲ್ಲಿ ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಿ ನೋಡಿದೆ; ಅದು ಬರಲೊಲ್ಲದು. ಗೆದ್ದುಕೊಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮತ್ತೆ ಹೋಗಿತ್ತು. ಮೇಲಿನ ಮೆತ್ತನೆ ಪಾಲೂ ಬಿರುಸಾಗುತ್ತಿತ್ತು.

“ಕೈಗೇನಾಗಿಲ್ಲ” ಎಂದಳು ಅತ್ತೆ. “ಹಿಂದಕ ಹೋಗಿ ನೋಡು.”

ಮನೆಯ ಹಿಂದೆ ಮುಳ್ಳುಕಂಟಿಯ ದೊಡ್ಡಿ. ಒಂದು ಮೂಲೆಯಲ್ಲಿ ಮೂರು ಮರಿಗಳು ಹೊಟ್ಟೆ ಒಳಕ್ಕೆ ಎಳೆದುಕೊಂಡು ನಿಂತು ಅರಚುತ್ತಿದ್ದವು. ಸೊಸೆ ಒಂದನ್ನು ಎತ್ತಿ ಅದರ ತಾಯಿಯ ಹತ್ತಿರ ಬಿಟ್ಟಳು. ತಾಯಿ ಮೂಗು ಚಾಚಿ ಮರಿಯ ಬೆನ್ನು ಮೂಸಿತು, ತಲೆ ತಗ್ಗಿಸಿ ಗುದ್ದಿತು. ಮರಿ ಉರುಳಿ ಬಿದ್ದು ಎದ್ದು ಮತ್ತೆ ಹೋಯಿತು. ತಾಯಿ ಮತ್ತೆ ಗುದ್ದಿತು.

“ಈದ ಕೂಡ್ಲೆ ಮರಿ ಎತ್ಕೊಂಡು ಮೂಗು ಬಾಯಿ ಒರಸ್ತೀವ್ರಿ” ಎಂದಳು ಸೊಸೆ ಮೆಲ್ಲಗೆ. “ಹಿಂಗ ಮುಂಗೈ ಮ್ಯಾಲೆ ಮಲಗಿಸ್ಕೊಂಡು.” ಎಡಗೈಯಿಂದ ಬಲ ಮುಂಗೈ ತೋರಿಸಿದಳು. ಕೆಂಪು ದಾರದ ಎಣ್ಣೆ ಹಚ್ಚುವ ಜಾಗವನ್ನೇ.

ನಾವಿಬ್ಬರು ಜಾಣೆಯರು ಅಂಗೈಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆವು. ಊಟ, ಅಡುಗೆ, ಬಿಸಿಲು, ಸೋಪು, ಎಲ್ಲ ಕೇಳಿದ್ದೆ. ಮುಂಗೈ ಮೇಲೆ ಏನನ್ನು ಮಲಗಿಸುತ್ತೀಯಮ್ಮ ಎಂದು ಕೇಳಬೇಕೆಂದು ಯಾವ ಪುಸ್ತಕದಲ್ಲಿದೆ!

“ಹೆತ್ತ ತಾಯಿಗೆ ಮರಿ ಗುರುತು ವಾಸನಿ ಮ್ಯಾಲೆ” ಎಂದಳು ಅತ್ತೆ. “ಈಕಿ ಕೈಯಾಗ ಹಾದು ಬಂದ ಮರಿ ಎಲ್ಲಾ ಲೋಬಾನ ಲೋಬಾನ ಅಂತಾವ. ತಾಯಿ ಸೇರಿಸವಲ್ದು. ಒಂದು ಸತ್ತೇ ಹೋತು. ಇವಕ್ಕ ಬಾಟ್ಲಿ ಹಾಲು ಕುಡಿಸಿ ಕುಡಿಸಿ ಸಾಕಾಗೈತಿ. ನಾನೇ ಅಂದೆ, ಆ ಎಣ್ಣಿ ಬಂದ್ ಮಾಡು, ಪೈಪೂ ಬಂದ್ ಮಾಡು, ಅದರಾಗಿನ ಬಟ್ಟಿ-ಅರಿವಿಗೂ ಅದೇ ಘಮ ಹತ್ತೈತಿ ಅಂತ. ತಪ್ಪೇನು?”

“ತಪ್ಪಿಲ್ಲ” ಎಂದೆ. ಸೊಸೆ ನೆಲ ನೋಡುತ್ತಿದ್ದಳು. “ಸಪ್ಪನ ಎಣ್ಣೀನೂ ಹಚ್ಚಲಿಲ್ರಿ. ಯಾವುದರಾಗ ಏನೈತೋ ಅಂತ ಅಂಜಿಕಿ ಬಂತು. ನಿಮ್ಮ ಮುಂದ ಬಂದು ಹ್ಯಾಂಗ ಹೇಳಲಿ? ನೀವು ಅಷ್ಟು ಕಷ್ಟ ಬಿದ್ದು ಮಾಡಿದ್ರಿ.” ಆಕೆಯ ಕಣ್ಣಲ್ಲಿ ನೀರು ತುಂಬಿತು. ನನಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗದ ಸಿಟ್ಟು.

ಅಲ್ಲೇ ದೊಡ್ಡಿಯ ಬೇಲಿ ಪಕ್ಕ ನಿಂತು ಡಾಕ್ಟರಮ್ಮನಿಗೆ ಫೋನು ಹಚ್ಚಿದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ, “ಮರಿ ಮುಟ್ಟುವ ಮೊದಲು ಸೋಪಿನಲ್ಲಿ ತೊಳೆಯಲಿ. ಮಲಗುವಾಗ ಮಾತ್ರ ಹಚ್ಚಲಿ. ಮೇಲಿನ ಪಾಲು ಎಷ್ಟು ಚೆನ್ನಾಗಿ ಬರುತ್ತಿತ್ತು! ನಡುವೆ ಬಿಟ್ಟರೆ ಏನೂ ತಿಳಿಯದೆ ಹೋಗುತ್ತದೆ” ಎಂದರು.

“ಕುರಿ ಹೊತ್ತು ನೋಡಿ ಈಯುವುದಿಲ್ಲ ಡಾಕ್ಟರೇ. ತೊಳೆದರೂ ಹೋಗುವ ವಾಸನೆಯಲ್ಲ ಇದು. ನನ್ನ ಬ್ಯಾಗಿನಿಂದಲೇ ಹೋಗಿಲ್ಲ.”

“ಹಾಗಾದರೆ ಮರಿ ಹಾಕುವ ಕಾಲ ಮುಗಿಯಲಿ, ಆಮೇಲೆ ಶುರು ಮಾಡೋಣ.”

“ಅಷ್ಟರಲ್ಲಿ ಮಣಿಕಟ್ಟು ಮಡಚಿಕೊಂಡಿರುತ್ತದೆ.”

ಅವರದೂ ನ್ಯಾಯವೇ. ಮೇಲಿನ ಪಾಲು ಮೆತ್ತಗಾದದ್ದನ್ನು ನನ್ನ ಬೆರಳೇ ಕಂಡಿತ್ತು. ನಿಜವಾಗಿ ಆ ಎಣ್ಣೆಯಲ್ಲಿ ಗುಣವಿದ್ದರೆ? ಅದನ್ನು ಬಿಡಿಸಿ, ನಾಳೆ ಸಪ್ಪೆ ಎಣ್ಣೆಗೆ ಕಲೆ ಜಗ್ಗದೆ ಹೋದರೆ, ಕೈ ಹಾಳು ಮಾಡಿದವಳು ನಾನೇ ಅಲ್ಲವೇ? ಬಿಡಿಸದಿದ್ದರೆ ಈಕೆ ಎಣ್ಣೆಯ ಜೊತೆ ಪಟ್ಟಿಯನ್ನೂ ಮಾಲೀಸನ್ನೂ ಬಿಡುತ್ತಾಳೆ, ಬಿಟ್ಟೇ ಇದ್ದಾಳೆ. ಬೇಲಿಯ ಮುಳ್ಳು ಸೀರೆಗೆ ಚುಚ್ಚಿಕೊಂಡದ್ದೂ ತಿಳಿಯದೆ ಅತ್ತಿಂದಿತ್ತ ಓಡಾಡಿದೆ. ಕೊನೆಗೆ ಒಂದು ವಿಚಾರ ಗಟ್ಟಿಯಾಯಿತು: ಹಚ್ಚದ ಎಣ್ಣೆಯಲ್ಲಿ ಎಷ್ಟು ಗುಣವಿದ್ದರೇನು? ಈಕೆ ಹೆದರದೆ ಹಚ್ಚಿಕೊಳ್ಳುವುದೇ ಈಕೆಗೆ ಔಷಧಿ.

“ಕೆಂಪು ದಾರದ್ದು ಬೇಡ ಡಾಕ್ಟರೇ. ನಾನು ನಿಲ್ಲಿಸುತ್ತಿದ್ದೇನೆ” ಎಂದೆ. ಅವರು “ಸರಿ, ಕೈ ಕಂಡವಳು ನೀನು” ಎಂದರು. ಬೇಸರದಿಂದಲೇ ಅಂದರು.

ತಿರುಗಿ ಬಂದು ಸೊಸೆಯ ಮುಂದೆ ಕೂತೆ. ಬಿಳಿ ದಾರದ ಬಾಟಲಿ ತರಿಸಿ ಅತ್ತೆಯ ಮೂಗಿಗೆ ಹಿಡಿದೆ. ಆಕೆ ಮೂಸಿ, “ಕುಸುಬಿ ಎಣ್ಣಿ” ಎಂದಳು. “ಹೌದು, ಮತ್ತೇನೂ ಇಲ್ಲ. ಇನ್ನು ಇಡೀ ಕಲೆಗೆ ಇದೇ. ಆದರೆ ಎರಡು ಪಟ್ಟು ಹೊತ್ತು ತಿಕ್ಕಬೇಕು, ಪಟ್ಟಿ ಬಿಡಬಾರದು.” ಪಟ್ಟಿಯೊಳಗಿನ ಘಮದ ಬಟ್ಟೆಯನ್ನು ಕಿತ್ತು ಬಿಸಾಡಿ, ಹೊಸ ಬಟ್ಟೆ ಹಾಸಿಕೊಟ್ಟೆ. ಸೊಸೆ ಆ ಹೊಸ ಬಟ್ಟೆಯನ್ನು ಬಿಡಿಸಿಕೊಂಡು ಹೋಗಿ ಒಂದು ಕುರಿಯ ಮೈಗೆ ಚೆನ್ನಾಗಿ ತಿಕ್ಕಿ ತಂದಳು. “ಈಗ ಭಯ ಇಲ್ರಿ” ಎಂದಳು. ಅದನ್ನು ಕಲೆಯ ಮೇಲೆ ಕಟ್ಟಿಸುವುದೇ ಎಂದು ನನ್ನ ಓದು ಒಳಗೊಳಗೆ ಚೀರಿತು. ಚರ್ಮ ಎಲ್ಲೂ ಒಡೆದಿಲ್ಲವೆಂದು ಎರಡು ಸಲ ನೋಡಿ ಕಟ್ಟಿದೆ.

ಮರಿಗಳ ಅರಚಾಟ ಮಾತ್ರ ನಿಂತಿರಲಿಲ್ಲ. ಅದನ್ನು ಕೇಳಿಕೊಂಡು ಆಟೋ ಹತ್ತಲು ನನಗೆ ಕಾಲು ಬರಲಿಲ್ಲ. “ಇವಕ್ಕೆ ಏನೂ ದಾರಿಯಿಲ್ಲವೇ?” ಎಂದೆ.

“ಐತವ್ವ. ಸತ್ತ ಮರಿ ಚರ್ಮ ಸುಲಿದು ತಬ್ಬಲಿ ಮರಿಗೆ ಹೊದಿಸಿ ಬಿಡ್ತೀವಿ. ತಾಯಿ ತನ್ನ ಮರಿ ವಾಸನಿ ಅಂತ ಮೋಸ ಹೋಗ್ತೈತಿ. ಆದ್ರ ಇವು ತಬ್ಬಲಿ ಅಲ್ಲ. ತಾಯಿ ಇಲ್ಲೇ ನಿಂತಾಳ, ಇವು ಆಕಿ ಮರಿಗಳೇ. ಏನು ಹೊದಿಸ್ತಿ?” ಎಂದಳು ಅತ್ತೆ.

ನನಗೆ ಆಗ ತೋಚಿದ್ದು ಒಂದು ಹುಚ್ಚು ವಿಚಾರ. ಮರಿಯ ಮೇಲಿನ ವಾಸನೆ ಹೋಗದಿದ್ದರೆ, ಅದೇ ವಾಸನೆಯನ್ನು ತಾಯಿಯ ಮೂಗಿಗೂ ಹಚ್ಚಿದರೆ? ಲೋಕವೆಲ್ಲ ಲೋಬಾನವಾದ ಮೇಲೆ ಮರಿಯೊಂದೇ ಹೇಗೆ ಪರಕೀಯವಾದೀತು? ಹೇಳಿದೆ. ಅತ್ತೆ ಸೊಂಟಕ್ಕೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಈಗ ಕುರಿಗೂ ತಿಕ್ತೀಯೇನು?”

“ಅತ್ತಿ, ಒಂದಕ್ಕ ನೋಡೋಣ” ಎಂದಳು ಸೊಸೆ.

ಸೊಸೆ ಕುರಿಯನ್ನು ಮೊಣಕಾಲ ಮಧ್ಯೆ ಹಿಡಿದಳು. ನಾನು ಕೆಂಪು ದಾರದ ಬಾಟಲಿಯಿಂದ ಬೆರಳಿಗೆ ಒಂದೇ ಹನಿ ತೆಗೆದುಕೊಂಡೆ. ನಾನು ಪಶುವೈದ್ಯೆಯಲ್ಲ. ಈ ಕುರಿ ಕಣ್ಣೆದುರೇ ಕಾಲು ಝಾಡಿಸಿ ಬಿದ್ದರೆ ಊರವರು ನನ್ನನ್ನು ಬಸ್ಸು ಹತ್ತಲು ಬಿಡುತ್ತಾರೆಯೇ? ಹೊಳ್ಳೆಯೊಳಗೆ ಹೋಗದಂತೆ, ಮೂಗಿನ ಮೇಲಿನ ಒಣ ಜಾಗಕ್ಕೆ ಸವರಿದೆ. ಕುರಿ ಎರಡು ಸಲ ಸೀನಿತು. ತಲೆ ಕೊಡವಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಮರಿಯನ್ನು ಬಿಟ್ಟರು. ಅದು ತಡವರಿಸುತ್ತ ಹೋಗಿ ಕೆಚ್ಚಲಿಗೆ ಮೂತಿ ಹಾಕಿತು. ತಾಯಿ ತಿರುಗಿ ಮೂಸಿತು. ತಲೆ ತಗ್ಗಿಸಿತು, ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಅದು ಇನ್ನೂ ಮೂಸುತ್ತಲೇ ಇತ್ತು, ಗೊಂದಲದಲ್ಲಿ. ಮರಿಯ ಬಾಲ ಪಟಪಟ ಆಡತೊಡಗಿತು. ಹಾಲು ಇಳಿದರೆ ಹಾಗೆ ಆಡುತ್ತದೆಂದು ಅತ್ತೆ ಹೇಳಿದಳು, ನನಗಲ್ಲ, ತನಗೇ ಹೇಳಿಕೊಂಡಂತೆ. ಎರಡನೆಯ ತಾಯಿಯೂ ಸ್ವಲ್ಪ ಹೊತ್ತು ಹಟ ಮಾಡಿ ಒಪ್ಪಿತು. ಮೂರನೆಯದು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅದರ ಮರಿಗೆ ಬಾಟಲಿಯೇ ಗತಿಯಾಯಿತು.

ಅತ್ತೆ ಕೆಂಪು ದಾರದ ಬಾಟಲಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ದೊಡ್ಡಿಯ ಗೂಟಕ್ಕೆ ಕಟ್ಟಿದಳು. “ಇದು ಇಲ್ಲಿರಲಿ. ಕೈಗಲ್ಲ, ಮೂಗಿಗೆ.”

ಮುಂದಿನ ವಾರದಿಂದ ಸೊಸೆ ಮತ್ತೆ ಬರತೊಡಗಿದಳು. ಕುರಿ, ಹೊಗೆ, ಕುಸುಬಿ ಎಣ್ಣೆ, ಮೂರೂ ಸೇರಿದ ವಾಸನೆ ಆಕೆಯ ಜೊತೆ ಬರುತ್ತಿತ್ತು. ನಾನು ಮೇಲಿನ ಪಾಲನ್ನು ಹಿಡಿದೆತ್ತಿ ನೋಡುವಾಗಲೆಲ್ಲ ಉಸಿರು ಹಿಡಿಯುತ್ತಿದ್ದೆ. ಕೆಲವು ದಿನ ಬಿರುಸು, ಕೆಲವು ದಿನ ಮೆತ್ತಗೆ. ಒಂದು ಹಂತದಲ್ಲಿ ಕಡ್ಡಿಗಳು ಕಡಿಮೆಯೂ ಆಗದೆ ಹೆಚ್ಚೂ ಆಗದೆ ನಿಂತುಬಿಟ್ಟವು. ಸುಗಂಧ ಬಿಡಿಸಿದ್ದೇ ತಪ್ಪಾಯಿತು ಎಂದು ನಾನು ಒಳಗೇ ಬೆಂದೆ. ಡಾಕ್ಟರಮ್ಮ ಒಂದು ದಿನವೂ ‘ನಾನು ಹೇಳಿರಲಿಲ್ಲವೇ’ ಎನ್ನಲಿಲ್ಲ, ಅಂದಿದ್ದರೆ ಹಗುರಾಗುತ್ತಿತ್ತು. ಪಟ್ಟಿಯನ್ನು ಮತ್ತೆ ಕಾಯಿಸಿ ಕೂದಲೆಳೆಯಷ್ಟು ಹಿಂದಕ್ಕೆ ಬಗ್ಗಿಸಿದೆ. ಆಕೆಗೆ ನೋವಾಗುತ್ತಿತ್ತು, ಹೇಳುತ್ತಿರಲಿಲ್ಲ, ಕಣ್ಣಿನ ಬದಿಯಲ್ಲಿ ಗೊತ್ತಾಗುತ್ತಿತ್ತು. ಆಮೇಲೆ ಮೇಲಿನದೂ ಕೆಳಗಿನದೂ ಒಟ್ಟಿಗೇ ಇಳಿಯತೊಡಗಿದವು. ಎರಡು ಪಾಲಿನ ನಡುವಿನ ವ್ಯತ್ಯಾಸವೇ ಮಾಸಿತು.

“ಈಗ ಏನೆಂದು ತಿಳಿಯುವುದು?” ಎಂದರು ಡಾಕ್ಟರಮ್ಮ. “ಶುರುವಿನಲ್ಲಿ ಸುಗಂಧದ ಪಾಲು ಮುಂದಿತ್ತು. ಮಣಿಕಟ್ಟಿನ ಕಲೆ ಎಲ್ಲರಲ್ಲೂ ಹಟಮಾರಿ, ಅದಕ್ಕೇ ಮೇಲಿನದು ಮುಂದೆ ಬಂದಿರಬಹುದು. ತಿಕ್ಕಿದ್ದರಿಂದ ಇರಬಹುದು, ಪಟ್ಟಿಯಿಂದ ಇರಬಹುದು, ಕಾಲವೇ ಮಾಗಿಸಿರಬಹುದು.” ಹಗ್ಗ ಹರಿಯಲಿಲ್ಲ, ಕೋಲು ಮುರಿಯಲಿಲ್ಲ. ಎಣ್ಣೆಯಲ್ಲಿ ಗುಣವಿದೆಯೇ ಎಂದು ಇಂದು ಯಾರಾದರೂ ಕೇಳಿದರೆ, ಇರಬಹುದು, ನನಗೆ ಗೊತ್ತಿಲ್ಲ ಎನ್ನುತ್ತೇನೆ. ಹಾಗನ್ನುವುದು ಅಷ್ಟು ಸುಲಭವಲ್ಲ. ಬಂದವರು ಬಾಟಲಿಯ ಆಸೆಯಿಂದ ಬಂದಿರುತ್ತಾರೆ.

ಅಂಗೈಯ ಕೆಳಗೆ ಇನ್ನೂ ಒಂದು ಕಡ್ಡಿ ಹೋಗುತ್ತಿದ್ದಾಗ ಆಕೆ ಮತ್ತೆ ಬರುವುದನ್ನು ನಿಲ್ಲಿಸಿದಳು. ಗಂಡನ ಫೋನು ಮೊದಲಿನಂತೆಯೇ. ಮತ್ತೆ ಏನು ಕೆಟ್ಟಿತು? ಗೂಟಕ್ಕೆ ಕಟ್ಟಿದ ಆ ಬಾಟಲಿಯನ್ನೇ ಬೇಗ ಗುಣವಾಗಲೆಂದು ನೇರ ಸುರಿದುಕೊಂಡಳೋ? ಉಳಿದ ಆ ಒಂದು ಕಡ್ಡಿ ಎಷ್ಟಾಗಿದೆಯೋ? ಕರ್ನೂಲಿನಲ್ಲಿ ಕತ್ತರಿಸಿ ಬಿಡಿಸುವ ವೈದ್ಯರೊಬ್ಬರ ವಿಳಾಸವನ್ನೂ ಚೀಟಿಯಲ್ಲಿ ಬರೆದುಕೊಂಡು, ಬರೆದದ್ದಕ್ಕೆ ನನಗೇ ಬೈದುಕೊಂಡು, ಪತ್ತಿಕೊಂಡದ ಬಸ್ಸು ಹತ್ತಿದೆ.

ಮನೆಯ ಹತ್ತಿರ ಬರುತ್ತಿದ್ದಂತೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ನನ್ನ ಕಾಲು ಅಲ್ಲಿಯೇ ನಿಂತಿತು. ಆ ಮುದುಕಿ ಇನ್ನೂ ಬಡಿಯುತ್ತಲೇ ಇದ್ದಾಳೆ. ಹಾಗಾದರೆ ಅಷ್ಟೇ. ಈಕೆ ಪಕ್ಕದಲ್ಲಿ ಕೂತು, ಕೈ ಮಡಿಲಲ್ಲಿಟ್ಟುಕೊಂಡು, ಒಲೆಗೆ ಕಡ್ಡಿ ತುರುಕುತ್ತಿರುತ್ತಾಳೆ. ಬರುತ್ತದೆ ಎಂದು ನಾನು ಮಾತು ಕೊಟ್ಟಿದ್ದೆ. ಒಳಗೆ ಹೋಗುವ ಧೈರ್ಯವಾಗದೆ ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಚೀಟಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ, ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸತೊಡಗಿದೆ. ಸದ್ದು ಇಂದು ಯಾಕೋ ನಿಧಾನವಾಗಿತ್ತು. ಬಡಿದು, ನಿಂತು, ಮತ್ತೆ ಬಡಿದು. ಪಾಪ, ಮುದುಕಿಗೂ ಸಾಕಾಗಿದೆ ಅಂದುಕೊಂಡೆ.

“ಯಾಕವ್ವ ತಿಕ್ಕೋ ಮೇಡಂ, ಹೊರಗ ಕುಂತಿ?”

ದನಿ ಬಂದದ್ದು ಬೆನ್ನ ಹಿಂದಿನಿಂದ. ತಿರುಗಿದೆ. ಬೀದಿಯಲ್ಲಿ ಅತ್ತೆ ನಿಂತಿದ್ದಳು. ಕಂಕುಳಲ್ಲಿ ಒಂದು ಮರಿ, ಕಾಲ ತುಂಬ ಎರೆ ಮಣ್ಣು. ಕುರಿಗಳನ್ನು ಗೊಬ್ಬರಕ್ಕೆಂದು ದೂರದ ಹೊಲದಲ್ಲಿ ತಂಗಿಸಿದ್ದರಂತೆ, ಮನೆಮಂದಿಯೆಲ್ಲ ಅಲ್ಲೇ ಇದ್ದು ನಿನ್ನೆಯಷ್ಟೇ ಬಂದರಂತೆ. ಅದನ್ನೆಲ್ಲ ಆಕೆ ಹೇಳುತ್ತಲೇ ಇದ್ದಳು. ನಾನು ಆಕೆಯನ್ನು ನೋಡಿದೆ, ಬಾಗಿಲನ್ನು ನೋಡಿದೆ. ಒಳಗೆ ಸದ್ದು ನಡೆದೇ ಇತ್ತು.

“ಒಳಗೆ ಯಾರು?” ಎಂದೆ.

“ಯಾರಿರ್ತಾರ? ಆಕೀನೇ. ಅಂಚು ಹರಿದು ಸೊಟ್ಟ ಸೊಟ್ಟ ಬರ್ತಾವ. ಆದ್ರೂ ನನ್ನ ಒಲಿ ಮುಂದ ಕುಂಡ್ರಗೊಡವಲ್ಲಳು” ಎಂದು ಅತ್ತೆ ಮರಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. “ಏಳು, ಬಿಸಿ ಐತಿ, ಉಣ್ಣು ಬಾ.”

ಏಳಬೇಕಿತ್ತು. ಆ ರೊಟ್ಟಿ ಬಡಿದು ಮುಗಿಯುವ ತನಕ ನಾನು ಏಳಲಿಲ್ಲ.